ಸೊರಬದ ಮೇಲೆ ಹಾರಿದ ಡಬ್ಬಿ

ನಮ್ಮ ಅಡುಗೆಮನೆಯ ನಾಗಂದಿಗೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಇದೆ. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ‘ಶಾರದಾ, ಸೊರಬ’ ಎಂದು ಕೊರೆಸಿದೆ. ಪರರ ಡಬ್ಬಿಯನ್ನು ಖಾಲಿಯಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಕಡೆಯ ನಿಯಮ. ನಮ್ಮ ತಾಲ್ಲೂಕಿನ ಬಂದಳಿಕೆಯ ಹಳೆಯ ಗುಡಿಗಳ ಯಾವ ಶಾಸನದಲ್ಲೂ ಇದನ್ನು ಕೊರೆದಂತಿಲ್ಲ, ಆದರೆ ಪಾಲನೆಯಲ್ಲಿ ಆ ಶಾಸನಗಳಿಗಿಂತ ಇದೇ ಗಟ್ಟಿ.

ಶಾರದಾ ನನ್ನ ಹೆಂಡತಿ ವಿಮಲೆಯ ತಂಗಿ. ನಮ್ಮ ಮಗಳು ಗೋವೆಯ ಮಡಗಾಂವಿನಲ್ಲಿ ಶಾಲಾ ಶಿಕ್ಷಕಿ. ಪ್ರತಿ ಬೇಸಿಗೆಯಲ್ಲೂ ನಮ್ಮ ವಯೋವೃದ್ಧ ಕಾರು ಬೆಳಗ್ಗೆ ಶಿಕಾರಿಪುರ ಬಿಟ್ಟು, ಸೊರಬ, ಸಿದ್ದಾಪುರ ದಾಟಿ, ಘಟ್ಟ ಇಳಿದು, ಕುಮಟೆಯಿಂದಾಚೆ ಕಡಲನ್ನು ಎಡಕ್ಕಿಟ್ಟುಕೊಂಡು ಏದುಸಿರು ಬಿಡುತ್ತ ಸಂಜೆಗೆ ಅವಳ ಮನೆ ಸೇರುತ್ತಿತ್ತು. ಸೊರಬದಲ್ಲಿ ‘ಐದೇ ನಿಮಿಷ’ ಎಂದು ಇಳಿದ ಅಕ್ಕ ತಂಗಿಯ ಜೊತೆ ಒಂದೂವರೆ ಗಂಟೆ ಕೂರುವಳು. ಅಕ್ಕ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ತಂದಿರುವಳು. ತಂಗಿ ಅದನ್ನೇ ತೊಳೆದು ಹಲಸಿನ ಹಪ್ಪಳ ತುಂಬಿ ಕೊಡುವಳು. ವಿಮಲೆಯ ಚಟ್ನಿಪುಡಿಗೆ ಉಪ್ಪು ಸದಾ ಒಂದು ಕಲ್ಲು ಮುಂದು. ಮೂವತ್ತೆಂಟು ವರ್ಷ ಅದನ್ನು ಅವಳಿಗೆ ಹೇಳುತ್ತ ಬಂದದ್ದೇ ನನ್ನ ಸಮಸ್ತ ಪಾಕಪಾಂಡಿತ್ಯ.

ಕಳೆದ ಮಳೆಗಾಲದಲ್ಲಿ ವಿಮಲೆ ತೀರಿಕೊಂಡಳು. ಡಬ್ಬಿ ನಮ್ಮಲ್ಲೇ ಉಳಿಯಿತು. ಈ ಬೇಸಿಗೆ ಮಗಳು ಶಿವಮೊಗ್ಗದಿಂದ ವಿಮಾನವಿದೆಯೆಂದಾಗ ಮಂಡಿನೋವಿನ ನೆಪ ಹೇಳಿ ತಕ್ಷಣ ಒಪ್ಪಿಕೊಂಡೆ. ನಿಜ ಬೇರೆಯೇ ಇತ್ತು. ಪಕ್ಕದ ಸೀಟೂ ಡಬ್ಬಿಯೂ ಖಾಲಿಯಿರುವಾಗ ಸೊರಬದ ಆ ಬಾಗಿಲಲ್ಲಿ ನಿಲ್ಲುವ ಧೈರ್ಯ ನನಗಿರಲಿಲ್ಲ.

ಕೊಂಕಣ ಸುತ್ತಿ ಮೈಲಾರಕ್ಕೆ ಬಂದವನನ್ನು ಕಂಡು ನಮ್ಮ ಹಿರಿಯರು ನಕ್ಕರು. ನಾನಾದರೋ ಕೊಂಕಣಕ್ಕೆ ಹೋಗಲು ಕೊಂಕಣಕ್ಕೆ ಬೆನ್ನು ಹಾಕಿ ಶಿವಮೊಗ್ಗದ ಬಸ್ಸು ಹತ್ತಿದವನು. ಮಗಳು ಏನಾದರೂ ತುಂಬಿಯಾಳು, ಆಮೇಲೆ ಯಾರ ಕೈಯಲ್ಲಾದರೂ ಕಳಿಸಿದರಾಯಿತು ಎಂದು ಡಬ್ಬಿಯನ್ನೂ ಚೀಲದಲ್ಲಿಟ್ಟಿದ್ದೆ. ನಿಲ್ದಾಣದ ತಪಾಸಣೆಯವರು ಅದನ್ನು ತೆಗೆಸಿ, ಒಳಗೆ ಬೆರಳಾಡಿಸಿ, “ಖಾಲಿ ಐತಲ್ರೀ ಸರ್” ಎಂದರು. “ಹೌದ್ರೀ, ಅದೇ ತೊಂದ್ರೆ” ಎಂದೆ. ಅವರ ಯಂತ್ರಕ್ಕೆ ಆ ತೊಂದರೆ ಕಾಣಲಿಲ್ಲವಾಗಿ ನನ್ನನ್ನು ಬಿಟ್ಟರು.

ದಿನವಿಡೀ ಹಿಡಿಯುತ್ತಿದ್ದ ದಾರಿ ಗಂಟೆಯೊಳಗೆ ಮುಗಿದುಹೋಯಿತು. ಕೆಳಗೆ ಕೆರೆಗಳು ಮಿನುಗಿದವು. ಯಾವುದು ಯಾವ ಊರಿನದೋ ತಿಳಿಯಲಿಲ್ಲ. ಕಡಲು ಮೊದಲು ಕಂಡವರು ಕೂಗಬೇಕೆಂಬುದು ವಿಮಲೆಯ ಪಂದ್ಯ, ಗೆಲ್ಲುವವಳು ಯಾವಾಗಲೂ ಅವಳೇ. ಈ ಸಲ ನಾನೇ ಮೊದಲು ಕಂಡೆ. ಹೇಳಲು ಯಾರೂ ಇರಲಿಲ್ಲ. ಪಕ್ಕದವರು ನಿದ್ರಿಸುತ್ತಿದ್ದರು.

ಇಳಿದೊಡನೆ ಫೋನು ಬಂತು, ಶಾರದೆಯದು. ಮಗಳು ವಿಮಾನದ ಹೊತ್ತನ್ನು ಅವಳಿಗೆ ತಿಳಿಸಿದ್ದಳಂತೆ.

“ಭಾವ, ಆಗ್ಲೇ ಒಂದು ವಿಮಾನ ಮನೆ ಮೇಲೇ ಹೋಯ್ತು. ಅದ್ರಲ್ಲಿ ನೀವಿದ್ರಾ?”

“ಇದ್ದೆ.”

“ಅಂಗಳದಲ್ಲಿ ನಿಂತು ಕೈ ಬೀಸ್ದೆ. ಕಾಣ್ತಾ?”

“ಕಾಣ್ತು” ಎಂದೆ. ಜೀವಮಾನದಲ್ಲಿ ಅಷ್ಟು ನಾಚಿಕೆಗೇಡಿನ ಸುಳ್ಳು ಹೇಳಿರಲಿಲ್ಲ. ನಾನು ತಪ್ಪಿಸಿಕೊಂಡು ಬಂದ ಬಾಗಿಲಿನವಳು ಕತ್ತೆತ್ತಿ ನನ್ನನ್ನು ಹುಡುಕಿದ್ದಳು.

ಹಿಂದಿರುಗುವ ಟಿಕೆಟ್ಟನ್ನು ಮಗಳಿಂದ ರದ್ದು ಮಾಡಿಸಿದೆ. ಅವಳು ಡಬ್ಬಿಗೆ ಗೋಡಂಬಿ ತುಂಬಲು ಬಂದಾಗ ಬೇಡವೆಂದು, ಅವಳ ಅಡುಗೆಮನೆಯಲ್ಲಿ ನಾನೇ ಶೇಂಗಾ ಹುರಿಯಲು ನಿಂತೆ. ಮೊದಲ ಬಾಣಲೆಯದು ಸೀದು ಹೋಯಿತು. ಎರಡನೆಯದರಲ್ಲಿ ಪುಡಿ ಎನ್ನಬಹುದಾದದ್ದು ಹುಟ್ಟಿತು. ಕಡಲನ್ನು ಬಲಕ್ಕಿಟ್ಟುಕೊಂಡು, ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು, ಮಂಡಿ ಹಿಡಿದುಕೊಂಡು ಸೊರಬದಲ್ಲಿ ಇಳಿದೆ.

ಶಾರದೆ ಮುಚ್ಚಳ ತೆಗೆದು ಚಿಟಿಕೆಯಷ್ಟನ್ನು ನಾಲಿಗೆಗಿಟ್ಟುಕೊಂಡಳು. ಇನ್ನೊಂದು ಚಿಟಿಕೆ ತೆಗೆದುಕೊಂಡಳು.

“ಉಪ್ಪು ಮುಂದಾಗಿದೆ ಭಾವ” ಎಂದಳು. “ಅಕ್ಕಂದೂ ಹಿಂಗೇ ಇರ್ತಿತ್ತು.”

ಸೆರಗು ಅವಳ ಕಣ್ಣಿಗೆ ಹೋಯಿತು. ನನ್ನ ಬಳಿ ಸೆರಗಿರಲಿಲ್ಲ, ಹಾಗೇ ಅತ್ತೆ. ‘ಐದೇ ನಿಮಿಷ’ ಎಂದು ಕೂತವನು ಏಳುವಾಗ ಒಂದೂವರೆ ಗಂಟೆ ಕಳೆದಿತ್ತು.

ಹೊರಡುವಾಗ ಶಾರದೆ ಡಬ್ಬಿ ತೊಳೆದು, ಒರೆಸಿ, ಹಪ್ಪಳ ತುಂಬಿ ನನ್ನ ಕೈಗಿತ್ತಳು. ಅದೀಗ ನಾಗಂದಿಗೆಯ ಮೇಲಿದೆ. ನಿನ್ನೆ ಕೊನೆಯ ಹಪ್ಪಳ ಸುಟ್ಟುಕೊಂಡೆ. ಬೆಳಗ್ಗೆ ಅಂಗಡಿಗೆ ಹೋಗಿ ಶೇಂಗಾ ತಂದಿದ್ದೇನೆ.