ಜೋಳದ ಬಿಯರ್ ಮತ್ತು ನನ್ನ ಸ್ವಂತ ಗ್ಲಾಸು

2022ರಲ್ಲಿ ನಾನು ಮುಂಬೈಯ ಒಂದು ಇಂಗ್ಲಿಷ್ ವಾರಪತ್ರಿಕೆಗೆ ಬಿಯರ್ ವಿಮರ್ಶೆ ಬರೆಯುತ್ತಿದ್ದೆ. ಇಂಥದ್ದೂ ಒಂದು ಕೆಲಸವೇ ಎಂದು ಮಾಟುಂಗದ ನಮ್ಮ ಬಿಲ್ಡಿಂಗಿನವರು ಈಗಲೂ ನಗುತ್ತಾರೆ. ನಗಲಿ. ಈ ಕೆಲಸಕ್ಕೆ ಬರುವ ಮೊದಲು ವಿಕ್ರೋಳಿಯ ಕಡೆ ಒಂದು ಸಣ್ಣ ಸಾಬೂನು ಕಾರ್ಖಾನೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಸುವಾಸನೆ ಪರೀಕ್ಷಿಸಿದವನು ನಾನು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಹೋಗುವುದು ಇದರಿಂದಲೇ.

ಕೆಟ್ಟದ್ದು ಬರೆಯುವ ವಿಷಯದಲ್ಲಿ ನನಗೊಂದು ಕಟ್ಟುನಿಟ್ಟು ಇತ್ತು. ಬಾರಿನ ಗ್ಲಾಸಿನಲ್ಲಿ ಕುಡಿದು ತೀರ್ಪು ಕೊಡುತ್ತಿರಲಿಲ್ಲ. ಗ್ಲಾಸು ಒರೆಸಿದ ಬಟ್ಟೆ ನಾರುತ್ತಿದ್ದರೂ ಪೆಟ್ಟು ಬೀಳುವುದು ಬಿಯರ್ ಮಾಡಿದವರಿಗೆ. ಹಾಗಾಗಿ ನನ್ನದೇ ಒಂದು ಗ್ಲಾಸನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಅದರ ಬಗ್ಗೆ ಅಂಕಣದಲ್ಲಿ ಆಗಾಗ ಕೊಚ್ಚಿಕೊಳ್ಳುತ್ತಲೂ ಇದ್ದೆ.

ಮನೆಯಲ್ಲಿ ಮಾತ್ರ ಆ ಗ್ಲಾಸಿಗೆ ಅಡುಗೆಮನೆಯ ಪ್ರವೇಶವಿರಲಿಲ್ಲ. ಮೈಸೂರಿನಿಂದ ಮದುವೆಯಾಗಿ ಈ ಊರಿಗೆ ಬಂದ ನನ್ನ ಅಮ್ಮ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಬಾಲ್ಕನಿಯ ಕಪಾಟಿನಲ್ಲಿ ಅದರ ವಾಸ. ಸೋಡಾಪುಡಿ, ಬಿಸಿನೀರು ಹಾಕಿ ಬಚ್ಚಲಿನಲ್ಲಿ ನಾನೇ ತೊಳೆಯಬೇಕು. ಹನ್ನೊಂದು ವರ್ಷ ಹೀಗೇ ನಡೆದಿತ್ತು.

ಆ ಸೋಮವಾರ ಅಂಧೇರಿಯ ಒಂದು ಬ್ರೂಪಬ್‌ಗೆ, ಅಂದರೆ ತನ್ನಲ್ಲೇ ಬಿಯರ್ ತಯಾರಿಸಿ ಮಾರುವ ಬಾರಿಗೆ ಹೋದೆ. ಅಲ್ಲಿ ಬಿಯರ್ ತಯಾರಿಸುತ್ತಿದ್ದವರು ಗದಗದ ಸುಜಾತಾ. ನಾಲ್ಕು ವರ್ಷ ಬೇರೆಯವರ ರೆಸಿಪಿ ಮಾಡಿಕೊಟ್ಟು, ಮೊದಲ ಬಾರಿಗೆ ತಮ್ಮದೇ ಆದ ಒಂದನ್ನು ಮಾಡಿದ್ದರು, ಜೋಳದ ಬಿಯರ್. ಜೋಳ, ಬಾರ್ಲಿ, ಹಾಪ್ಸ್ ಎಂಬ ಕಹಿ ಹೂವು, ಇಷ್ಟೇ ಹಾಕಿರುವುದು ಎಂದು ಬೋರ್ಡಿನಲ್ಲಿ ಬರೆಸಿದ್ದರು. ನಿಮ್ಮ ವಿಮರ್ಶೆ ನೋಡಿ ಇದನ್ನು ಮುಂದುವರಿಸುವುದೋ ನಿಲ್ಲಿಸುವುದೋ ತೀರ್ಮಾನಿಸುತ್ತೇನೆ ಎಂದು ಮಾಲೀಕರು ಸುಜಾತಾರ ಮುಂದೆಯೇ ನನಗೆ ಹೇಳಿದರು.

ನನ್ನ ಗ್ಲಾಸಿಗೆ ಬಿಯರ್ ಬಿತ್ತು. ನೊರೆ ಅರ್ಧ ನಿಮಿಷವೂ ನಿಲ್ಲಲಿಲ್ಲ. ಮೂಗಿಗೆ ಸ್ಪಷ್ಟವಾಗಿ ಕೃತಕ ಲಿಂಬೆಯ ವಾಸನೆ ಬಡಿಯಿತು. ಬೋರ್ಡಿನಲ್ಲಿ ಸುಳ್ಳು ಬರೆದು ಎಸೆನ್ಸ್ ಬೆರೆಸಿದ್ದಾರೆ ಎಂದು ನನಗೆ ಮೈಯೆಲ್ಲ ಉರಿಯಿತು. ಮರುದಿನ ಹಾಗೆಯೇ ಬರೆದು ಕಳಿಸಿದೆ. ಒಂದು ಮಾತು ಸುಜಾತಾರನ್ನು ಕೇಳಬಹುದಿತ್ತು. ಕೇಳಿದರೆ ಒತ್ತಡ ತರುತ್ತಾರೆ ಎಂಬ ನೆಪ ನನ್ನ ಬಳಿ ಸಿದ್ಧವಿತ್ತು. ನಿಜ ಹೇಳಬೇಕೆಂದರೆ ಬೈಗುಳದ ಸಾಲುಗಳು ಸೊಗಸಾಗಿ ಬಂದಿದ್ದವು, ಅವನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಗುರುವಾರ ಮಧ್ಯಾಹ್ನ ಮೂರೂವರೆಗೆ ಇನ್ನೊಂದು ಬಿಯರಿನ ವಿಮರ್ಶೆಗೆ ಹೊರಡಲೆಂದು ಮನೆಯಲ್ಲಿ ಗ್ಲಾಸನ್ನು ಕೈಗೆತ್ತಿಕೊಂಡು ನೀರು ಹಾಕಿ ಚೆಲ್ಲಿದೆ. ಶುದ್ಧವಾದ ಗಾಜಿನ ಮೇಲೆ ನೀರು ತೆಳ್ಳಗೆ ಒಂದೇ ಸಮ ಹರಡುತ್ತದೆ. ಜಿಡ್ಡಿದ್ದರೆ ಹನಿ ಹನಿಯಾಗಿ ನಿಲ್ಲುತ್ತದೆ. ನನ್ನ ಗ್ಲಾಸಿನ ತುಂಬ ಹನಿಗಳು! ಮೂಸಿದೆ. ಅದೇ ಲಿಂಬೆ.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದರು.

"ಹನ್ನೊಂದು ವರ್ಷದಿಂದ ಅದನ್ನ ಹೊರಗೇ ಇಟ್ಬಿಟ್ಟಿದ್ದೆ ಕಣೋ. ನಿನ್ನ ಅನ್ನದ ಕೆಲಸ ಅಲ್ವಾ ಅದು? ಭಾನುವಾರ ನಮ್ಮ ಪಾತ್ರೆ ಜೊತೆ ನಾನೇ ತೊಳೆದಿಟ್ಟೆ. ಮೊನ್ನೆ ನೀನು ತಂದಿಟ್ಟ ಮೇಲೂ ತೊಳ್ದೆ."

ಒಗ್ಗರಣೆ ಸೌಟು ಉಜ್ಜಿದ ಸ್ಪಂಜು, ಲಿಂಬೆ ಘಮದ ಪಾತ್ರೆ ಸಾಬೂನು. ಎಣ್ಣೆ ನೊರೆಯನ್ನು ಕೊಂದಿತ್ತು, ಸಾಬೂನಿನ ಘಮವೇ ನನ್ನ ಮೂಗಿಗೆ ಎಸೆನ್ಸ್ ಆಗಿತ್ತು. ಇಪ್ಪತ್ತೆರಡು ವರ್ಷ ಸಾಬೂನು ಮೂಸಿದ ಮೂಗು ಸಾಬೂನನ್ನೇ ಗುರುತಿಸಿರಲಿಲ್ಲ!

ಸಂಪಾದಕಿಗೆ ಫೋನ್ ಮಾಡಿ ಲೇಖನ ನಿಲ್ಲಿಸಿ ಎಂದೆ. ಆರು ಗಂಟೆಗೆ ಪುಟ ಮುಗಿಯುತ್ತದೆ, ಅಷ್ಟರೊಳಗೆ ಬೇರೆ ಕೊಟ್ಟರೆ ಸರಿ, ಇಲ್ಲದಿದ್ದರೆ ಇರುವುದೇ ಹೋಗುತ್ತದೆ ಎಂದರು. ಚಪ್ಪಲಿ ಮೆಟ್ಟಿಕೊಂಡು ಮಾಟುಂಗ ರೋಡ್ ಸ್ಟೇಷನ್ನಿಗೆ ಓಡಿದೆ. ಅರವತ್ತು ಸಮೀಪಿಸಿದ ನಾನು ಹೊರಟಿದ್ದ ಸ್ಲೋ ಲೋಕಲ್ಲಿನ ಕಂಬಿ ಹಿಡಿದು ಹತ್ತಿದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಪ್ರತಿ ಸ್ಟೇಷನ್ನಿನಲ್ಲೂ ಗಡಿಯಾರ ನೋಡಿದೆ. ಅಂಧೇರಿಯಲ್ಲಿ ಇಳಿದು ಆಟೋ ಹಿಡಿದು ಬ್ರೂಪಬ್ ಮುಟ್ಟಿದಾಗ ನಾಲ್ಕು ಐವತ್ತು.

ಸುಜಾತಾ ಟ್ಯಾಂಕ್ ತೊಳೆಯುತ್ತಿದ್ದರು. ಏನೂ ವಿವರಿಸದೆ ಅವರದೇ ಗ್ಲಾಸಿನಲ್ಲಿ ಜೋಳದ ಬಿಯರ್ ಕೇಳಿದೆ. ಎರಡು ಬೆರಳು ದಪ್ಪದ ನೊರೆ ಎದ್ದು, ನಾಲ್ಕು ನಿಮಿಷವಾದರೂ ಕೆನೆಯಂತೆ ಕೂತೇ ಇತ್ತು. ಬಿಸಿ ರೊಟ್ಟಿಯ ಘಮ! ಲಿಂಬೆಯ ಸುಳಿವೇ ಇರಲಿಲ್ಲ. ಆಮೇಲೆ ಅವರಿಗೆ ಎಲ್ಲವನ್ನೂ ಹೇಳಿ, ಕಳಿಸಿದ್ದ ಲೇಖನವನ್ನು ಫೋನಿನಲ್ಲಿ ತೋರಿಸಿದೆ. ನಿಂತಲ್ಲೇ ಎರಡು ಸಲ ಓದಿದರು. ಮುಖ ಕಪ್ಪಿಟ್ಟಿತು.

"ಈಗೇನ್ ಮಾಡ್ತೀರಿ ಸರ್? ತಪ್ಪಾತು ಅಂತ ಹೊಗಳಿ ಬರೀತೀರೇನ?"

ನಿಜವಾಗಿಯೂ ಆಗ ನನ್ನ ಮನಸ್ಸಿನಲ್ಲಿದ್ದದ್ದು ಅದೇ. ತಪ್ಪುಕಾಣಿಕೆಯಂತೆ ನಾಲ್ಕು ಒಳ್ಳೆಯ ಮಾತು ಬರೆದು ಕೈ ತೊಳೆದುಕೊಳ್ಳುವುದು. ಆದರೆ ಗುಟುಕು ಇಳಿದ ಮೇಲೆ ಗಂಟಲಲ್ಲಿ ಒಂದು ಒರಟು ಒಗರು ಉಳಿಯುತ್ತಿತ್ತು. ಅಳುಕುತ್ತಲೇ ಅದನ್ನು ಹೇಳಿದೆ. ಅವರು ತಾವೂ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ ನಿಂತರು.

"ಹೌದ್ರಿ. ಜೋಳದ ಸಿಪ್ಪಿ ಜಾಸ್ತಿ ಕುದ್ದೈತಿ. ಅದನ್ನ ಬರೀರಿ, ಅದು ನನ್ನ ತಪ್ಪ. ಲಿಂಬಿ ವಾಸನಿ ನಿಮ್ದು, ಅದನ್ನೂ ಬರೀರಿ."

ಅಲ್ಲೇ ಮೂಲೆಯ ಮೇಜಿನಲ್ಲಿ ಕೂತು ಫೋನಿನಲ್ಲಿ ಟೈಪ್ ಮಾಡಿದೆ. ನೊರೆ, ರೊಟ್ಟಿಯ ಘಮ, ಒಗರು, ನನ್ನ ಗ್ಲಾಸಿನ ಕಥೆ, ಯಾವುದನ್ನೂ ಬಿಡಲಿಲ್ಲ. ಐದು ಐವತ್ಮೂರಕ್ಕೆ ಲೇಖನ ಹೋಯಿತು. ಮಾಲೀಕರು ಜೋಳದ ಬಿಯರನ್ನು ಉಳಿಸಿಕೊಂಡರು. ಮುಂದಿನ ತಿಂಗಳ ಬ್ಯಾಚಿನಲ್ಲಿ ಒಗರು ಇರಲಿಲ್ಲ.

ಕೆಟ್ಟದ್ದು ಬರೆಯಲೇಬಾರದು ಎಂದು ನಾನು ಕಲಿಯಲಿಲ್ಲ. ಬರೆಯುವ ಮೊದಲು ನನ್ನ ಗ್ಲಾಸನ್ನು ಬೆಳಕಿಗೆ ಹಿಡಿಯಬೇಕು, ಬರೆದದ್ದು ಮಾಡಿದವರ ಕೈಗೆ ಉಪಯೋಗಕ್ಕೆ ಬರುವಂತಿರಬೇಕು. ಇಷ್ಟನ್ನು ಕಲಿತೆ, ಅದೂ ಪೂರ್ತಿ ಕಲಿತದ್ದು ಮನೆಗೆ ಬಂದ ಮೇಲೆ.

ಏಕೆಂದರೆ ಇನ್ನೊಂದು ವಿಮರ್ಶೆ ಬಾಕಿ ಇತ್ತು. ಊರಿನ ಬಾರುಗಳಿಗೆಲ್ಲ ಮುಲಾಜಿಲ್ಲದೆ ಬರೆದವನಿಗೆ ಅಮ್ಮನಿಗೆ ಒಂದು ಮಾತು ಹೇಳುವುದು ಕಷ್ಟವಾಯಿತು. ಸುಮ್ಮನಿದ್ದು ಬಚ್ಚಲಿನಲ್ಲಿ ಗುಟ್ಟಾಗಿ ಮತ್ತೆ ತೊಳೆದುಕೊಳ್ಳಬಹುದಿತ್ತು. ಕೊನೆಗೆ ಹೇಳಿಬಿಟ್ಟೆ: ಅಮ್ಮಾ, ಗ್ಲಾಸಿನಲ್ಲಿ ಎಣ್ಣೆ ಉಳಿದಿತ್ತು.

ಅಮ್ಮ ಸೋಡಾಪುಡಿಯ ಡಬ್ಬಿ ತೆಗೆದು ಅಡುಗೆಮನೆಯ ಸಿಂಕಿನ ಪಕ್ಕದಲ್ಲಿಟ್ಟರು.

"ಹೆಂಗ್ ತೊಳೀಬೇಕು, ತೋರ್ಸು."