ಕವಳಿಹಣ್ಣಿಗೆ ಹೋದ ಅವ್ವ

ಕೇಳ್ರಿಲ್ಲೆ, ಇವತ್ತು ಅವ್ವನ್ನ ಗುಡ್ಡಕ್ಕ ಕರಕೊಂಡು ಹೋಗಿದ್ದೆ. ಸಣ್ಣಾಕಿದ್ದಾಗ ಮಾಳಮಡ್ಡಿಯಿಂದ ನಡಕೋತ ಹೋಗಿ ಅಕಿ ಕವಳಿಹಣ್ಣು ತಿಂತಿದ್ದ ಗುಡ್ಡ. ಈಗ ಅಲ್ಲೆ ಸರ್ಕಾರ ಪರಿಸರಸ್ನೇಹಿ ಪ್ರವಾಸಿ ತಾಣ ಮಾಡೈತಿ. ಅವ್ವ ಹಣ್ಣಿಗಂತ ಸೆರಗಿನ ತುದೀಗೆ ಉಪ್ಪು-ಖಾರ ಗಂಟು ಕಟ್ಟಿಕೊಂಡು ಬಂದಿದ್ಲು.

ಗೇಟಿನ್ಯಾಗ ಕಾವಲುಗಾರ ತಡದ. "ನಡಕೊಂಡು ಹೋಗಂಗಿಲ್ರಿ ಅವ್ವಾರ. ಪರಿಸರಕ್ಕ ಧಕ್ಕಿ ಆಗತೈತಿ. ಬ್ಯಾಟರಿ ಗಾಡಿ ಹತ್ರಿ."

"ನನ್ನ ಕಾಲಾಗಿಂದ ಹೊಗಿ ಬರತೈತೇನೋ ತಮ್ಮಾ?"

ಅವ ನಕ್ಕ, ಆದ್ರ ಬಿಡಲಿಲ್ಲ.

ಗಾಡಿ ಸಪ್ಪಳ ಮಾಡದ ಹೊಂಟಿತು. ಕವಳಿ ಕಂಟಿ ತುಂಬ ಹಣ್ಣು ಕರ್ರಗಾಗಿದ್ವು. ಅವ್ವ ಕೈ ಚಾಚಿದ್ಲು, ಗಾಡಿ ನಿಲ್ಲಲಿಲ್ಲ.

ಮನಿಗೆ ಬಂದು ಎಷ್ಟೋ ಹೊತ್ತಾತು, ಅಕಿ ಇನ್ನೂ ಸೆರಗಿನ ಗಂಟು ಬಿಚ್ಚವಲ್ಲಳು. ಪರಿಸರ ಅಂತೂ ಉಳೀತು ನೋಡ್ರಿ.