ಗಿರಮಿಟ್ಟು ಕಲಸಿದ ಕೈ

ಒಬ್ಬ ಕಂಬ ಹತ್ತಿದರೆ ಇನ್ನೊಬ್ಬ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಕಿತ್ತು, ಅವನು ಇಳಿಯುವ ತನಕ ಕೈಯಲ್ಲೇ ಹಿಡಿದು ನಿಲ್ಲಬೇಕು. ನಾನು ಗುಮಾಸ್ತೆಯಾಗಿದ್ದ ಕರೆಂಟ್ ಆಫೀಸಿನಲ್ಲಿ ಇದೇ ರೂಢಿ. ಮೇಲಿದ್ದವನ ಜೀವ ಕೆಳಗಿದ್ದವನ ಮುಷ್ಟಿಯಲ್ಲಿ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆಫೀಸಿದ್ದದ್ದು ಮನೋಳಿ ಕಡೆಯ ಒಂದು ಊರಿನಲ್ಲಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಹಿರಿಯ ಲೈನ್‌ಮನ್ ಎಲ್ಲರಿಗೂ ಕಾಕಾ. ಒಂದು ಮಧ್ಯಾಹ್ನ ಅವರು ಫ್ಯೂಸ್ ಹಿಡಿದು ನಿಂತಿದ್ದಾಗಲೇ ಮೇಲಿದ್ದ ತರುಣ ಕರೆಂಟ್ ಹೊಡೆದು ಬಿದ್ದು ಸತ್ತ. ಯಾರದೋ ಮನೆಯ ಜನರೇಟರಿನ ಕರೆಂಟು ತಿರುಗಿ ತಂತಿಗೆ ಬಂದಿತ್ತು. ಕಾಕಾನ ತಪ್ಪೇನಿಲ್ಲ ಎಂದು ತನಿಖೆಗೆ ಬಂದವರೇ ಬರೆದುಕೊಟ್ಟರು. ಆದರೆ ಊರ ಬಾಯಿ ಮುಚ್ಚುವವರು ಯಾರು? ಮುದುಕ ಫ್ಯೂಸ್ ಸರಿಯಾಗಿ ಕಿತ್ತಿರಲಿಲ್ಲವಂತೆ ಎಂಬ ಗಾಳಿಮಾತು ಎದ್ದಿತು.

ಕಾಕಾ ಫ್ಯೂಸ್ ಮುಟ್ಟುವುದನ್ನೇ ಬಿಟ್ಟರು. “ನನ್ನ ಕೈಗುಣ ಚಲೋ ಇಲ್ರೀ ಅಕ್ಕಾರ,” ಎಂದು ನನ್ನೆದುರು ಎರಡೂ ಅಂಗೈ ಚಾಚಿದರು. ಆಮೇಲೆ ಆಫೀಸಿನ ಕಸ ಗುಡಿಸುತ್ತ, ಕೊಡಕ್ಕೆ ನೀರು ತುಂಬುತ್ತ ಉಳಿದುಬಿಟ್ಟರು. ಕಂಬ ಬಿಟ್ಟ ಲೈನ್‌ಮನ್‌ಗೆ ಇನ್ನೇನು ಉಳಿದಿರುತ್ತದೆ?

ಸತ್ತವನ ಜೀವದ ಗೆಳೆಯನೊಬ್ಬ ನಮ್ಮಲ್ಲೇ ಲೈನ್‌ಮನ್ ಆಗಿದ್ದ, ಸುರೇಬಾನ ಊರಿನವನು. ಅವನು ಯಾರನ್ನೂ ನಂಬದಾದ. ಫ್ಯೂಸನ್ನು ತಾನೇ ಕಿತ್ತು, ಹೆಗಲ ಚೀಲದಲ್ಲಿ ಹಾಕಿಕೊಂಡೇ ಕಂಬ ಹತ್ತುತ್ತಿದ್ದ. ಅವನನ್ನು ನೋಡಿ ಉಳಿದವರೂ ಹಾಗೇ ಮಾಡತೊಡಗಿದರು. ಕಾಯಿಲೆಯ ರಜೆ ಹೆಚ್ಚಿತು, ಜಗಳ ಹೆಚ್ಚಿತು, ರಿಪೇರಿ ತಡವಾಗತೊಡಗಿತು. ಫೋನಿನಲ್ಲಿ ಊರವರು, “ಪಗಾರ ಎಣಸಾಕ ಕುಂತೀರೇನು?” ಎಂದರೆ, ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟಿರುವ ನಾನು ಎರಡರಷ್ಟು ಜೋರಾಗಿ ತಿರುಗಿ ಬೈಯುತ್ತಿದ್ದೆ.

ಆಗ ಬೈಲಹೊಂಗಲದಿಂದ ಹೊಸ ಸಾಹೇಬರು ಬಂದರು. ದುಂಡನೆಯ ಆಳು, ಕಿವಿಯ ಮೇಲೊಂದು ಪೆನ್ಸಿಲು. ಭಾಷಣ ಮಾಡಲಿಲ್ಲ, ಆ ದಿನ ಏನಾಯಿತು ಎಂದು ಯಾರನ್ನೂ ಕೆದಕಲಿಲ್ಲ. ಮೊದಲು ನನ್ನ ಮೇಜಿನ ಮೇಲಿದ್ದ ಫೋನನ್ನು ಎತ್ತಿ ತಮ್ಮ ಮೇಜಿಗೆ ಇಟ್ಟುಕೊಂಡರು. “ಬೈಗಳಾ ತಿನ್ನಾಕ ನನ್ನ ಹೊಟ್ಟಿ ದೊಡ್ಡದೈತ್ರಿ,” ಎಂದರು. ತಂತಿಗೆ ನೆಲದ ಸರಪಳಿ ಸಿಕ್ಕಿಸದೆ ಯಾರೂ ಕೈ ಹಚ್ಚಬಾರದು, ತಂತಿಗೆ ಯಾವ ಕರೆಂಟು ಬಂದರೂ ಅದು ಸರಪಳಿ ಹಿಡಿದು ನೆಲಕ್ಕೆ ಹೋಗಬೇಕು ಎಂದು ಕಟ್ಟುನಿಟ್ಟು ಮಾಡಿದರು. ಕತ್ತಲಾದ ಮೇಲೆ ಕಂಬ ಹತ್ತಿಸಿ ಎಂದು ಯಾವ ದೊಡ್ಡ ಮನುಷ್ಯ ಫೋನು ಮಾಡಿದರೂ, “ನಾಳಿ ಮುಂಜಾನೆ ಮಾಡೂನ್ರಿ,” ಎಂದು ನಗುತ್ತ ಇಟ್ಟುಬಿಡುತ್ತಿದ್ದರು.

ಇನ್ನೊಂದು ಪದ್ಧತಿ ತಂದರು. ದಿನಾ ನಾಲ್ಕು ಗಂಟೆಗೆ ಎಲ್ಲರೂ ಒಂದೇ ಚಾಪೆಯ ಮೇಲೆ ಕುಳಿತು ಗಿರಮಿಟ್ಟು ತಿನ್ನಬೇಕು. ಚುರಮುರಿ, ಉಳ್ಳಾಗಡ್ಡಿ, ಪುಟಾಣಿ ಹಿಟ್ಟು, ಹುಣಸೆಯ ಗೊಜ್ಜು ಎಲ್ಲ ಬರುತ್ತಿತ್ತು. ಕಲಸುವ ಕೆಲಸ ಮಾತ್ರ ಕಾಕಾನದೇ. ಮೊದಲ ದಿನ ಕಾಕಾ, “ನನ್ನ ಕೈಯಾಗಿಂದು ಬ್ಯಾಡ್ರಿ ಸಾಹೇಬ್ರ,” ಎಂದು ಹಿಂದೆ ಸರಿದರು. ಸಾಹೇಬರು ಬುಟ್ಟಿಯನ್ನು ಅವರ ಮುಂದೆ ತಳ್ಳಿ, “ನನಗ ಹಸಿವಿ ಆಗೇತಿ, ಲಗೂ ಕಲಸ್ರಿ,” ಎಂದರಷ್ಟೇ. ಮನೆಗೆ ಬೆಂಕಿ ಬಿದ್ದಿರುವಾಗ ಇವರಿಗೆ ತಿನ್ನುವ ಚಿಂತೆಯಲ್ಲಾ ಎಂದು ನಾನು ಮನಸ್ಸಿನಲ್ಲೇ ಹೊಟ್ಟೆಬಾಕರ ಪಟ್ಟಿಗೆ ಅವರನ್ನು ಸೇರಿಸಿದೆ.

ಎಲ್ಲರೂ ಕಾಕಾನ ಕೈಯಿಂದ ತಿಂದರು. ಸುರೇಬಾನದವನೊಬ್ಬನೇ ಗೋಡೆಗೆ ಒರಗಿ ಕೂತು ಬರಿ ಚಹಾ ಕುಡಿದ. ಮರುದಿನವೂ ಹಾಗೇ, ಮರುವಾರವೂ ಹಾಗೇ. ಕಾಕಾ ಮಾತ್ರ ಅವನ ಪಾಲನ್ನು ಪೇಪರಿನಲ್ಲಿ ಕಟ್ಟಿ ಪಕ್ಕಕ್ಕಿಡುವುದನ್ನು ಬಿಡಲಿಲ್ಲ. ಕೊನೆಗೆ ತಾಳ್ಮೆ ಸಾಲದಾದದ್ದು ನನಗೆ.

“ಸಾಹೇಬ್ರ, ಕಾಕಾನ ಕೈಯಾಗ ಫ್ಯೂಸ್ ಕೊಡು ಅಂತ ಅವಗ ಒಂದು ಆರ್ಡರ್ ಮಾಡಬಾರದೇನ್ರಿ?” ಎಂದು ಕೇಳಿಯೇಬಿಟ್ಟೆ.

“ಆರ್ಡರ್ ಮಾಡಿದ್ರ ಕಂಬಾ ಹತ್ತತಾರ್ರಿ ಅಕ್ಕಾರ. ನಂಬಾಕ ಆರ್ಡರ್ ಎಲ್ಲಿಂದ ತರ್ಲಿ?” ಎಂದರು. ಈ ಮನುಷ್ಯನ ಹೊಟ್ಟೆಗಿಂತ ತಾಳ್ಮೆ ದೊಡ್ಡದು ಎಂದು ಆವತ್ತು ತಿಳಿಯಿತು.

ಛಳಿಗಾಲ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಸುರೇಬಾನದವನು ಒಂದು ದಿನ ಆ ಪೇಪರಿನ ಪೊಟ್ಟಣ ಬಿಚ್ಚಿದ. ಒಂದು ಮುಕ್ಕು ಬಾಯಿಗೆ ಹಾಕಿಕೊಂಡು, “ಉಪ್ಪು ಕಡಿಮಿ ಆಗೇತಿ,” ಎಂದ. ಕಾಕಾ ಉಪ್ಪು ತರಲು ಎದ್ದವರು ಒಳಗೆ ಹೋಗಿ ಬಹಳ ಹೊತ್ತು ಬರಲೇ ಇಲ್ಲ. ಸಾಹೇಬರು ಏನೂ ಕಾಣದವರಂತೆ ಇನ್ನಷ್ಟು ಚುರಮುರಿ ಮುಕ್ಕುತ್ತಿದ್ದರು.

ಮುಂಗಾರಿಗೆ ಮುಂಚಿನ ಗಾಳಿ ಮಳೆಗೆ ಆಫೀಸಿನ ಎದುರಿನ ಕಂಬದ ತಂತಿ ಹರಿಯಿತು. ಮಳೆ ನಿಂತ ಮೇಲೆ ಎಲ್ಲರೂ ಹೊರಗೆ ಬಂದರು. ನಾನು ಕಿಟಕಿಯಲ್ಲಿ ನಿಂತಿದ್ದೆ. ಸುರೇಬಾನದವನು ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಕಿತ್ತ, ಸರಪಳಿ ಸಿಕ್ಕಿಸಿದ, ಫ್ಯೂಸುಗಳನ್ನು ಎಂದಿನಂತೆ ಚೀಲಕ್ಕೆ ಹಾಕಿಕೊಂಡ. ಕಂಬದ ಬುಡಕ್ಕೆ ಹೋದವನು ಅಲ್ಲೇ ನಿಂತ. ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತಿದ್ದ ಕಾಕಾನ ಹತ್ತಿರ ತಿರುಗಿ ಬಂದು, ಕಸಬರಿಗೆ ಕಸಿದು ಮೂಲೆಗೆ ಒಗೆದು, ಚೀಲದಿಂದ ಫ್ಯೂಸ್ ತೆಗೆದು ಅವರ ಅಂಗೈಯಲ್ಲಿಟ್ಟ.

“ಹಿಡಿ ಕಾಕಾ. ನಾ ಹತ್ತತೇನಿ.”

ಅವನು ಮೇಲಿದ್ದಷ್ಟು ಹೊತ್ತೂ ಕಾಕಾ ಫ್ಯೂಸುಗಳನ್ನು ಎದೆಗೆ ಅವಚಿಕೊಂಡು, ಕತ್ತೆತ್ತಿ ಅವನನ್ನೇ ನೋಡುತ್ತ ನಿಂತಿದ್ದರು. ಫೋನು ಬಡಿದುಕೊಳ್ಳುತ್ತಲೇ ಇತ್ತು, ಸಾಹೇಬರೂ ಎತ್ತಲಿಲ್ಲ. ಅವನು ಇಳಿದು ಸರಪಳಿ ತೆಗೆದು, “ಹಾಕ್ ನಡಿ, ಮಂದಿ ಕಾಯಾಕ ಹತ್ಯಾರ,” ಎಂದ. ಕಾಕಾ ಒಂದೊಂದಾಗಿ ಫ್ಯೂಸ್ ಒತ್ತಿದರು.

ನನ್ನ ತಲೆಯ ಮೇಲಿನ ಫ್ಯಾನು ತಿರುಗತೊಡಗಿತು. ಕಾಗದಗಳು ಹಾರದಂತೆ ಎರಡೂ ಕೈಯಿಂದ ಒತ್ತಿಹಿಡಿದು ನಾನು ಬಿಕ್ಕಿ ಬಿಕ್ಕಿ ಅತ್ತೆ. ಅದು ನಮ್ಮ ಕಾಕಾ ಹಾಕಿದ ಕರೆಂಟು.